ತವರೂರಿನ ಬಟನ್ನು

ನಿಮ್ಮ ದನಿ ಬಹಳ ಚೆನ್ನಾಗಿದೆ ಎಂದು ಯಾರಾದರೂ ಹೇಳಿದರೆ ಈಗ ನನಗೆ ಮೈ ಉರಿಯುತ್ತದೆ. ಹುಣಸೂರಿನ ತರಕಾರಿ ಅಂಗಡಿಯಲ್ಲಿ ನಿಂತು ಹುರುಳಿಕಾಯಿ ಹೇಗೆ ಎಂದು ಕೇಳಿದರೆ ಸಾಕು, ಪಕ್ಕದವರು ತಿರುಗಿ ನೋಡಿ, "ನೀವು ಆ ಆ್ಯಪ್‌ನಲ್ಲಿ ಮಾತಾಡೋರಲ್ವಾ?" ಎನ್ನುತ್ತಾರೆ. ಅಲ್ಲ ಎನ್ನುತ್ತೇನೆ. "ಅದೇ ದನಿ ಕಣ್ರೀ" ಎಂದು ನಗುತ್ತಾರೆ. ಹುರುಳಿಕಾಯಿಯನ್ನು ತಕ್ಕಡಿಯಲ್ಲೇ ಬಿಟ್ಟು ಬಂದದ್ದೂ ಉಂಟು.

ಹುಣಸೂರಿನ ಒಂದು ಕೇಬಲ್ ಚಾನೆಲ್ಲಿನಲ್ಲಿ ನಾನು ವರ್ಷಗಟ್ಟಲೆ ಸಂಜೆಯ ವಾರ್ತೆ ಓದಿದವಳು. ಜನ ಟಿವಿ ಬಿಟ್ಟು ಫೋನು ಹಿಡಿದ ಮೇಲೆ ಚಾನೆಲ್ಲು ಮುಚ್ಚಿತು. ಅದರ ಮಾಲೀಕ ಸುಮ್ಮನೆ ಕೂರುವ ಆಸಾಮಿಯಲ್ಲ. ಮೈಸೂರಿನ ಯಾರನ್ನೋ ಹಿಡಿದು ಒಂದು ಆ್ಯಪ್ ಮಾಡಿಸಿದ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ಕಡೆಯ ಊರೂರಿನ ಪೇಜುಗಳಲ್ಲಿ ಜನ ಏನೇನು ಹಾಕುತ್ತಾರೋ ಅದನ್ನೆಲ್ಲ ಹೆಕ್ಕಿ ಒಂದೇ ಜಾಗದಲ್ಲಿ ಜೋಡಿಸಿಕೊಡುವ ಆ್ಯಪ್ ಅದು. ಹಸು ಮಾರಾಟಕ್ಕಿದೆ, ನಾಲೆಗೆ ನೀರು ಬಿಟ್ಟರು, ಚಿರತೆ ಕರುವನ್ನು ಎಳೆದುಕೊಂಡು ಹೋಯಿತು, ಯಾರದೋ ಹುಟ್ಟುಹಬ್ಬಕ್ಕೆ ಯಾರದೋ ಶುಭಾಶಯ. ಅದರಲ್ಲಿ ಹೊಲಸನ್ನೂ ಜಗಳವನ್ನೂ ತೆಗೆದುಹಾಕಿ, ಓದುವ ಹಾಗೆ ತಿದ್ದುವ ಕೆಲಸ ನನ್ನದು. ಆಫೀಸು ಒಂದು ಗೊಬ್ಬರದ ಅಂಗಡಿಯ ಮೇಲಿನ ಮಹಡಿ. ಮನೆಗೆ ಬಂದರೂ ಸೀರೆಯಲ್ಲಿ ಯೂರಿಯಾ ವಾಸನೆ ಇರುತ್ತಿತ್ತು.

ಮಾಲೀಕನಿಗೆ ಒಂದು ಹುಚ್ಚು. ಮೂರು ತಿಂಗಳಿಗೊಮ್ಮೆ ಹೊಸ ಫೀಚರ್ ಬಿಡಬೇಕು. ಬಿಡುವ ದಿನ ರಾಹುಕಾಲ ನೋಡಿ, ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಕರ್ಪೂರ ಬೆಳಗಿ, ಮೆಟ್ಟಿಲ ಮೇಲೆ ಈಡುಗಾಯಿ ಹೊಡೆಯುತ್ತಿದ್ದ, ಹೊಸ ಟ್ರ್ಯಾಕ್ಟರಿಗೆ ಹೊಡೆಯುವ ಹಾಗೆ. ಒಂದು ಸಲ ಕಾಯಿ ಚೂರು ಕೆಳಗಿದ್ದ ಗೊಬ್ಬರದಂಗಡಿಯವರ ಹಣೆಗೆ ತಗುಲಿ ದೊಡ್ಡ ರಂಪವಾಯಿತು. ಆದರೂ ಬಿಡಲಿಲ್ಲ. ಅವನ ಫೀಚರುಗಳಲ್ಲಿ ಬಹುಪಾಲು ಯಾರಿಗೂ ಬೇಡದವು. ಬೇಕಾದದ್ದು ಒಂದೇ, ಓದಿ ಹೇಳುವ ಫೀಚರು. ಅದಕ್ಕೆ ನನ್ನ ದನಿ ಬೇಕೆಂದ.

ಒಂದು ತಿಂಗಳು ಕಿಟಕಿಗಳಿಗೆ ಕಂಬಳಿ ಹೊದಿಸಿದ ಕೋಣೆಯಲ್ಲಿ ಕೂತು ವಾಕ್ಯದ ಮೇಲೆ ವಾಕ್ಯ ಓದಿ ಕೊಟ್ಟೆ. ಮೈಸೂರಿನವರು ಅದನ್ನು ಯಂತ್ರಕ್ಕೆ ಕಲಿಸಿದರು. ಆಮೇಲೆ ನಾನು ಎಂದೂ ಆಡದ ಮಾತನ್ನೂ ಅದು ನನ್ನ ದನಿಯಲ್ಲಿ ಆಡತೊಡಗಿತು. ಸುಳ್ಳು ಯಾಕೆ ಹೇಳಲಿ, ಆಗ ನನಗೆ ತಲೆ ಭುಜದ ಮೇಲೆ ನಿಲ್ಲುತ್ತಿರಲಿಲ್ಲ. ಓದು ಬಾರದ ಮುದುಕಿಯರು ಜಗಲಿಯ ಮೇಲೆ ಕೂತು ನನ್ನ ದನಿಯಲ್ಲಿ ಊರಿನ ಸುದ್ದಿ ಕೇಳುತ್ತಿದ್ದಾರೆ ಎಂದರೆ ಯಾರಿಗೆ ಸೊಕ್ಕು ಬರುವುದಿಲ್ಲ?

ಮುಂದಿನ ಫೀಚರು ಮಣ್ಣಿನ ಸುದ್ದಿ. ನಮ್ಮ ಕಡೆ ಮದುವೆಗೆ ಹೋಗದಿದ್ದರೆ ಕ್ಷಮಿಸುತ್ತಾರೆ, ಮಣ್ಣಿಗೆ ಹೋಗದಿದ್ದರೆ ಕ್ಷಮಿಸುವುದಿಲ್ಲ. ಸತ್ತವರಿಗೆ ಒಂದು ಹಿಡಿ ಮಣ್ಣು ಹಾಕಲು ಬಾರದವನನ್ನು ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಬೆಳಿಗ್ಗೆ ಹೋದರೆ ಸಂಜೆಯೊಳಗೆ ಮಣ್ಣು. ಸುದ್ದಿ ತಡವಾಗಿ ಬಂತು ಎಂದರೆ ಯಾರೂ ಒಪ್ಪುವುದಿಲ್ಲ. ಹಾಗಾಗಿ ಸಾವಿನ ಸುದ್ದಿ ಮಾತ್ರ ತಿದ್ದುವವರಿಗೆ ಕಾಯದೆ ಯಂತ್ರ ತಾನಾಗಿಯೇ ಓದಬೇಕು, ಫೋನು ಸೈಲೆಂಟಿನಲ್ಲಿದ್ದರೂ ಜೋರಾಗಿ ಓದಬೇಕು ಎಂದು ಮಾಲೀಕ ಹಟ ಹಿಡಿದ. ಮೈಸೂರಿನವರು, ಒಂದು ಬಟನ್ ಒತ್ತಿದ ಮೇಲೆ ಓದಲಿ ಸಾರ್ ಎಂದರು.

"ಬಟನ್ ಒತ್ತೋ ಅಷ್ಟ್ರಲ್ಲಿ ಮಣ್ಣೇ ಆಗೋಗಿರ್ತದೆ ಕಣ್ರೀ. ಹೊಲದಲ್ಲಿರೋನು ಕೈ ತೊಳ್ಕೊಂಡು ಬಂದು ಒತ್ತಾನಾ?" ಎಂದ.

ಆಗ ನಾನು ಏನು ಮಾಡುತ್ತಿದ್ದೆ ಗೊತ್ತೇ? ಲಿಂಗೈಕ್ಯ ಎಂಬ ಪದವನ್ನು ಯಂತ್ರ ಎಳೆದಾಡುತ್ತಿದೆ ಎಂದು ಜಗಳವಾಡುತ್ತಿದ್ದೆ. ನಮ್ಮವರು ತೀರಿಕೊಂಡರೆ ಹಾಕುವುದೇ ಆ ಪದ, ಅದನ್ನು ನೆಟ್ಟಗೆ ಹೇಳದಿದ್ದರೆ ನನ್ನ ಮರ್ಯಾದೆ ಏನಾಗಬೇಕು ಎಂದು ಮತ್ತೆ ಕಂಬಳಿಯ ಕೋಣೆಗೆ ಹೋಗಿ ನಾಲ್ಕು ಸಲ ಓದಿ ಕೊಟ್ಟೆ. ಮಾತಾಡಬೇಕಾದ ಕಡೆ ಬಾಯಿ ಮುಚ್ಚಿಕೊಂಡು, ಬೇಡದ ಕಡೆ ಬಾಯಿ ಬಡಿದುಕೊಂಡೆ.

ಅಷ್ಟೇ ಆಗಿದ್ದರೆ ತಪ್ಪನ್ನು ಮಾಲೀಕನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ತವರೂರಿನ ಬಟನ್ನು ನನ್ನದೇ. ಮೊದಲು ಆ್ಯಪ್‌ನಲ್ಲಿ ಒಂದೇ ಊರು ಆರಿಸಿಕೊಳ್ಳಬಹುದಿತ್ತು. ನಾನು ಮೇಜು ಕುಟ್ಟಿ ಕೇಳಿದೆ. ಕೊಟ್ಟ ಮನೆಯ ಊರೊಂದೇನಾ ಹೆಣ್ಣುಮಕ್ಕಳಿಗೆ? ಹುಟ್ಟಿದ ಊರಲ್ಲಿ ಯಾರು ಸತ್ತರು, ಯಾರು ಹೆತ್ತರು ಎಂದು ಅವರಿಗೆ ಬೇಡವಾ? ಮಾಲೀಕ ಒಂದು ವಾರ ಗೊಣಗಿ ಒಪ್ಪಿದ. ಅದನ್ನು ಬಿಟ್ಟಿದ್ದು ಕೆ.ಆರ್. ನಗರದ ಒಂದು ಕಲ್ಯಾಣ ಮಂಟಪದಲ್ಲಿ, ಮಹಿಳಾ ಸಂಘಗಳ ಸಭೆಯಲ್ಲಿ. ಹೆಂಗಸರು ಚಪ್ಪಾಳೆ ತಟ್ಟಿದರು. ಸಾಲಿಗ್ರಾಮದ ಕಡೆಯ ಒಬ್ಬ ಮುದುಕಿ ನನ್ನ ಎರಡೂ ಕೈ ಹಿಡಿದುಕೊಂಡು, "ನನ್ ತಮ್ಮನ ಮಣ್ಣು ತಪ್ಪೋಯ್ತು ಕಣವ್ವ, ಸುದ್ದಿನೇ ಬರ್ನಿಲ್ಲ. ಒಳ್ಳೆ ಕೆಲ್ಸ ಮಾಡ್ದೆ" ಎಂದು ಕಣ್ಣು ಒರೆಸಿಕೊಂಡಳು.

ಮುಂದಿನ ಭಾನುವಾರವೇ ಕೋಟೆ ಕಡೆ ಕೊಟ್ಟಿರುವ ನನ್ನ ತಂಗಿಯ ಮನೆಗೆ ಹೋಗಿ, ಅವಳ ಫೋನಿಗೆ ಆ್ಯಪ್ ಹಾಕಿಕೊಟ್ಟೆ. ತವರೂರು ಎಂಬ ಜಾಗದಲ್ಲಿ ಕಂಪಲಾಪುರದ ಹತ್ತಿರದ ನಮ್ಮ ಹಳ್ಳಿಯ ಹೆಸರನ್ನು ನಾನೇ ಒತ್ತಿದೆ. "ನಿನ್ ದನಿ ದಿನಾ ಕೇಳ್ದಂಗಾಯ್ತು ಬುಡಕ್ಕ" ಎಂದು ಅವಳು ನಕ್ಕಳು. ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅಪ್ಪ ಹೋದ ಮೇಲೆ ಅವಳಿಗೆ ಅಕ್ಷರ ತಿದ್ದಿಸಿದವಳು ನಾನು. ಅಕ್ಕ ಹೇಳಿದರೆ ಮುಗಿಯಿತು, ಗಂಡನ ಮಾತಿಗೂ ಎರಡನೇ ಜಾಗ.

ಅವ್ವ ಹಳ್ಳಿಯಲ್ಲಿ ಚಿಕ್ಕಪ್ಪನ ಸಂಸಾರದ ಜೊತೆಗಿದ್ದಳು. ಒಂದು ದಿನ ಬೆಳಿಗ್ಗೆ ಒಂಬತ್ತು ಗಂಟೆಯ ಹೊತ್ತಿಗೆ ಅವರೆಕಾಯಿ ಸುಲಿಯುತ್ತ ಕೂತವಳು ಹಾಗೇ ಗೋಡೆಗೆ ಒರಗಿದಳಂತೆ. ಚಿಕ್ಕಪ್ಪ ಫೋನು ಮಾಡಿದರು. "ಅವ್ವ ಓಗ್ಬುಟ್ಲು ಕಣವ್ವ" ಎಂದರು. ಹಿರಿಮಗಳೆಂದು ನನಗೆ ನೇರವಾಗಿ ಹೇಳಿದರು. ಆಮೇಲೆ, "ನಿನ್ ತಂಗಿಗೆ ನೀನೇ ಫೋನ್ ಮಾಡು. ಸತ್ಲು ಅಂತ ಮಾತ್ರ ಯೋಳ್ಬ್ಯಾಡ. ಉಸಾರಿಲ್ಲ, ಬಾ ಅನ್ನು" ಎಂದರು.

ಅವರು ಹೇಳಬೇಕಾಗಿಯೇ ಇರಲಿಲ್ಲ. ದೂರದಲ್ಲಿರುವ ಮಗಳಿಗೆ ಹೆತ್ತವರ ಸಾವನ್ನು ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಹುಷಾರಿಲ್ಲ ಎನ್ನಬೇಕು, ಸ್ವಲ್ಪ ಜೋರಾಗಿದೆ ಎನ್ನಬೇಕು, ದಾರಿಯುದ್ದಕ್ಕೂ ಅವಳು ಹರಕೆ ಕಟ್ಟಿಕೊಂಡು ಬರಬೇಕು, ಬಾಗಿಲಿಗೆ ಬಂದ ಮೇಲೆ ನಾಲ್ಕು ಹೆಂಗಸರು ಹಿಡಿದುಕೊಂಡ ಮೇಲೆ ಗೊತ್ತಾಗಬೇಕು. ಬಸ್ಸಿನಲ್ಲಿ ಒಬ್ಬಳೇ ಅಳುತ್ತ ಬರುವುದು ತಪ್ಪಲಿ ಎಂಬ ಕರುಣೆ ಅದರಲ್ಲಿದೆ. ಅಪ್ಪ ಹೋದಾಗ ಹಾಸ್ಟೆಲಿನಲ್ಲಿದ್ದ ನನಗೂ ಹಾಗೇ ಮಾಡಿದ್ದರು. ಅದನ್ನು ತಪ್ಪೆಂದು ನಾನು ಎಂದೂ ಅಂದುಕೊಂಡಿರಲಿಲ್ಲ.

ತಂಗಿಗೆ ಫೋನು ಮಾಡಿದೆ. ಅವ್ವಂಗೆ ಹುಷಾರಿಲ್ಲ, ಬೇಗ ಬಾ ಎಂದೆ. ಅವಳ ಗಂಡ ಶುಂಠಿ ಲೋಡಿನ ಜೊತೆ ಕೇರಳಕ್ಕೆ ಹೋಗಿದ್ದ. ಒಬ್ಬಳೇ ಹುಣಸೂರಿನ ಬಸ್ಸು ಹತ್ತಿದಳು. ನಾನು ನಮ್ಮ ಯಜಮಾನರ ಜೊತೆ ಕಾರಿನಲ್ಲಿ ಹಳ್ಳಿಗೆ ಹೊರಟೆ. ಕಂಪಲಾಪುರ ಇನ್ನೂ ಬಂದಿರಲಿಲ್ಲ, ಅವಳದೇ ಫೋನು ಬಂತು.

"ಅಕ್ಕ, ಅವ್ವ ಮಾತಾಡ್ತಾವ್ಳಾ?"

ದನಿ ನಡುಗುತ್ತಿತ್ತು. ಬಸ್ಸಿನ ಕುಲುಕಾಟ ಎಂದುಕೊಂಡೆ. ಯಜಮಾನರು ಹೇಳಬೇಡ ಎನ್ನುವ ಹಾಗೆ ಕೈ ಆಡಿಸಿದರು. ನಾನು ಗಂಟಲು ಸರಿಮಾಡಿಕೊಂಡೆ.

"ಹೂಂ ಕಣೆ. ನಿನ್ನೇ ಕೇಳ್ತಾವ್ಳೆ."

ಅವಳು ಎಷ್ಟು ಉದ್ದ ಉಸಿರು ಬಿಟ್ಟಳೆಂದರೆ ಅದು ಈಗಲೂ ನನ್ನ ಕಿವಿಯಲ್ಲಿದೆ. "ಅಂಗಾದ್ರೆ ಹುಣಸೂರಲ್ಲಿ ಎಳನೀರು ತಕಂಡ್ ಬತ್ತೀನಿ. ಕುಡಿತಾಳಾ?"

"ತಾ" ಎಂದೆ.

ಹಳ್ಳಿಯಲ್ಲಿ ಅವ್ವನನ್ನು ಕೂರಿಸಿ, ಹಣೆಗೆ ವಿಭೂತಿ ಬಳಿದು, ಹೊಸ ಸೀರೆ ಉಡಿಸಿದ್ದರು. ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಷ್ಟು ಜನಕ್ಕೆ ಇಷ್ಟು ಬೇಗ ಯಾರು ಹೇಳಿದರು ಎಂದು ನಾನು ಯೋಚಿಸಲೂ ಇಲ್ಲ ನೋಡಿ. ನನ್ನ ಫೋನಿನಲ್ಲಿ ಓದುವ ಫೀಚರನ್ನು ನಾನೇ ಆಫ್ ಮಾಡಿಟ್ಟಿದ್ದೆ. ದಿನವೆಲ್ಲ ನನ್ನ ದನಿಯನ್ನು ನಾನೇ ಕೇಳುವುದು ನನಗೆ ಸಾಕಾಗಿತ್ತು.

ತಂಗಿ ಬಂದಾಗ ನಾಲ್ಕು ಹೆಂಗಸರು ಹಿಡಿದುಕೊಳ್ಳಲು ಮುಂದೆ ಹೋದರು. ಅವಳು ಅವರನ್ನು ತಳ್ಳಿಕೊಂಡು ಒಳಗೆ ಬಂದಳು. ಕೈಯಲ್ಲಿದ್ದ ಚೀಲದಲ್ಲಿ ಎರಡು ಎಳನೀರು, ಒಂದು ಬ್ರೆಡ್ಡು. ಅದನ್ನು ಅವ್ವನ ಕಾಲ ಬಳಿ ಇಟ್ಟಳು. ಅಳಲಿಲ್ಲ. ನೇರ ನನ್ನ ಮುಂದೆ ಬಂದು ನಿಂತು, ಫೋನನ್ನು ನನ್ನ ಮುಖಕ್ಕೆ ಹಿಡಿದು ಒತ್ತಿದಳು.

"ನಿಮ್ಮ ತವರೂರಿನಿಂದ ಒಂದು ಮಣ್ಣಿನ ಸುದ್ದಿ" ಎಂದಿತು ನನ್ನ ದನಿ. ಅವ್ವನ ಹೆಸರು ಹೇಳಿತು, ಅಪ್ಪನ ಹೆಸರು ಹೇಳಿತು. ಇಂದು ಬೆಳಿಗ್ಗೆ ಲಿಂಗೈಕ್ಯರಾದರೆಂದು ತಿಳಿಸಲು ವಿಷಾದಿಸುತ್ತೇವೆ ಎಂದಿತು. ಆ ಪದವನ್ನು ಎಲ್ಲೂ ಎಳೆದಾಡದೆ, ನಾನು ಕಲಿಸಿದ ಹಾಗೇ ಹೇಳಿತು. ಮಣ್ಣು ಸಂಜೆ ನಾಲ್ಕಕ್ಕೆ, ಸ್ವಂತ ಜಮೀನಿನಲ್ಲಿ. "ಈ ಸುದ್ದಿ ಉಪಯೋಗವಾಯಿತೇ? ನಿಮ್ಮವರಿಗೂ ತಿಳಿಸಿ" ಎಂದು ಉಪಚಾರ ಮಾಡಿ ಮುಗಿಸಿತು.

ಅಂಗಳದಲ್ಲಿ ಅಳುತ್ತಿದ್ದವರು ನಿಲ್ಲಿಸಿದ್ದರು.

"ಬಸ್ಸಲ್ಲಿ ಇದು ಬ್ಯಾಗೊಳಗಿಂದ ಬಡ್ಕಳ್ತು. ನಾನ್ ನಂಬ್ನಿಲ್ಲ" ಎಂದಳು ತಂಗಿ. "ಇದು ಮಿಷಿನ್ನು, ತಪ್ಪಾಗಿರ್ತದೆ, ಅಕ್ಕನ್ನೇ ಕೇಳ್ತೀನಿ, ಅಕ್ಕ ಸುಳ್ ಯೋಳಕ್ಕಿಲ್ಲ ಅಂದ್ಕಂಡು ನಿಂಗೆ ಫೋನ್ ಮಾಡ್ದೆ. ನೀನು ಎಳನೀರು ತಾ ಅಂದೆ."

ನಾನು ಏನೋ ಹೇಳಲು ಹೋದೆ.

"ಬಾಯ್ ಮುಚ್ಚು. ಎರಡೂ ನಿನ್ ದನೀನೆ. ನಿಜ ಯೋಳಿದ್ದು ಅದು."

ಹುಣಸೂರಿನಿಂದ ಅವಳು ಬಂದ ಬಸ್ಸಿನಲ್ಲೇ ಹಾರ ಹಿಡಿದುಕೊಂಡ ನಾಲ್ಕು ಜನ ನಮ್ಮೂರಲ್ಲಿ ಇಳಿದರಂತೆ. ಯಾರ ಮನೆಗೆ ಎಂದು ಇವಳೇ ಕೇಳಿದಳಂತೆ. ಅವರು ಹೇಳಿದ ಮೇಲೆ ಸ್ಟಾಪಿನಿಂದ ಮನೆಯವರೆಗೆ ಎಳನೀರಿನ ಚೀಲ ಹಿಡಿದುಕೊಂಡು ಅವರ ಹಿಂದೆಯೇ ನಡೆದು ಬಂದಳಂತೆ. ಇದನ್ನು ಅವಳು ನನಗೆ ಹೇಳಲಿಲ್ಲ. ಚಿಕ್ಕಮ್ಮನಿಗೆ ಹೇಳಿದ್ದು.

ಪೇಜಿಗೆ ಹಾಕಿದ್ದು ಯಾರು ಎಂದು ಹುಡುಕುತ್ತಾ ಹೋದರೆ ಸಿಕ್ಕಿದ್ದು ಚಿಕ್ಕಪ್ಪ. ಊರಿನ ಪೇಜನ್ನು ನೋಡಿಕೊಳ್ಳುವವರೇ ಅವರು. ಹೆಣ ಎದುರಿಗಿದೆ ಎಂಬುದನ್ನೂ ಮರೆತು ಅವರ ಮೇಲೆ ಹರಿಹಾಯ್ದೆ. ಫೋನಲ್ಲಿ ಹೇಳಬೇಡ ಎಂದು ನನಗೆ ತಾಕೀತು ಮಾಡಿದವರು ನೀವೇ, ಊರಿಗೆಲ್ಲ ಡಂಗುರ ಹೊಡೆದವರೂ ನೀವೇ, ನಾಚಿಕೆ ಆಗುವುದಿಲ್ಲವಾ ಎಂದೆ. ಅಷ್ಟು ವಯಸ್ಸಾದವರಿಗೆ ಹಾಗೆ ಎನ್ನಬಾರದಿತ್ತು.

ಚಿಕ್ಕಪ್ಪನಿಗೆ ನಾನು ಏನು ಕೇಳುತ್ತಿದ್ದೇನೆಂದೇ ಅರ್ಥವಾಗಲಿಲ್ಲ. "ನಾನ್ ಯಾರ್ಗೂ ಯೋಳ್ನಿಲ್ಲ ಕಣವ್ವ. ಫೋಟೊ ಹಾಕಿ ಕೆಳಗೆ ಎರಡ್ ಸಾಲು ಬರ್ದೆ ಅಷ್ಟೆ" ಎಂದರು. ಸುತ್ತ ನಿಂತವರೂ ಹೌದು, ಅವರು ಹೇಳಿಲ್ಲ, ಹಾಕಿದ್ದು ಎಂದರು. ಫೋಟೊ ಹಾಕುವುದು ಗೋಡೆಗೆ ಪೋಸ್ಟರ್ ಅಂಟಿಸಿದ ಹಾಗೆ, ಓದುವವರು ಓದುತ್ತಾರೆ. ಹೇಳುವುದು ಎಂದರೆ ಬಾಯಿಂದ ಹೇಳುವುದು. ಪದ್ಧತಿ ಮುರಿದವರು ಆ ಅಂಗಳದಲ್ಲಿ ಯಾರೂ ಇರಲಿಲ್ಲ. ಬಾಯಿ ಕೊಟ್ಟಿದ್ದು ನಾನು.

ಮಣ್ಣಾಯಿತು. ತಂಗಿ ಒಂದು ಹಿಡಿ ಹಾಕಿದಳು, ನಾನೊಂದು ಹಿಡಿ ಹಾಕಿದೆ. ಹನ್ನೊಂದನೇ ದಿನದವರೆಗೂ ಒಂದೇ ಮನೆಯಲ್ಲಿದ್ದೆವು. ಅಡುಗೆಮನೆಯಲ್ಲಿ ಎದುರಾದರೆ ಅವಳು ಪಕ್ಕಕ್ಕೆ ಸರಿದು ದಾರಿ ಕೊಡುತ್ತಿದ್ದಳು, ನೆಂಟರ ಮನೆಯವರಿಗೆ ಕೊಡುವ ಹಾಗೆ. ನಾನು ಹೋಗಿ ಪಕ್ಕ ಕೂತರೆ ಏಳುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೊನೆಯ ದಿನ ಹೊರಡುವಾಗ ಎಲ್ಲರ ಕಾಲಿಗೂ ನಮಸ್ಕಾರ ಮಾಡಿದಳು, ನನ್ನ ಕಾಲಿಗೂ ಮಾಡಿದಳು. ಮುಖ ನೋಡಲಿಲ್ಲ.

ಮಾರನೆಯ ದಿನ ಗೊಬ್ಬರದಂಗಡಿಯ ಮೆಟ್ಟಿಲು ಹತ್ತಿದೆ. ಮಾಲೀಕ ಎದ್ದು ನಿಂತು ಕೈ ಮುಗಿದ. ಸಂತಾಪ ಸೂಚಿಸಿದ. ಅಲ್ಲಿಗೆ ನಿಲ್ಲಿಸಿದ್ದರೆ ಅವನಿಗೇ ಒಳ್ಳೆಯದಿತ್ತು.

"ಜನ ಎಷ್ಟ್ ಬಂದಿದ್ರು ನೋಡುದ್ರಾ ಮೇಡಂ? ಅದೇ ನಮ್ ಆ್ಯಪಿನ ಪವರ್ರು."

ಮೇಜಿನ ಮೇಲಿದ್ದ ನೀರಿನ ಲೋಟ ತೆಗೆದು ಅವನ ಮುಖಕ್ಕೆ ಎರಚಿದೆ. ನಾನು ಜೀವನದಲ್ಲಿ ಮಾಡಿದ ಕೆಲಸಗಳಲ್ಲಿ ಇದೊಂದಕ್ಕೆ ಪಶ್ಚಾತ್ತಾಪವಿಲ್ಲ. ನನ್ನ ದನಿಯನ್ನು ಇವತ್ತೇ ತೆಗೆಯಬೇಕು ಎಂದೆ. ಅವನು ಕರವಸ್ತ್ರದಿಂದ ಮುಖ ಒರೆಸಿಕೊಂಡು, ನೀವೇ ಸಹಿ ಹಾಕಿದ್ದೀರಿ ಎಂದು ಕಾಗದ ತೋರಿಸಿದ. ತವರೂರಿನ ಬಟನ್ನನ್ನಾದರೂ ತೆಗೆ ಎಂದೆ. ಹೆಂಗಸರು ಬಿಡುವುದಿಲ್ಲ ಮೇಡಂ, ಅದೇ ಎಲ್ಲಕ್ಕಿಂತ ಚೆನ್ನಾಗಿ ಓಡುತ್ತಿರುವುದು ಎಂದ. ಅದೂ ನಿಜವೇ. ಕಲ್ಯಾಣ ಮಂಟಪದ ಆ ಮುದುಕಿ ನೆನಪಾಗಿ ನನ್ನ ಬಾಯಿ ಕಟ್ಟಿತು. ಆದರೆ ಕಾಲು ಕಟ್ಟಲಿಲ್ಲ. ಆರು ದಿನ ಬೆಳಿಗ್ಗೆಯಿಂದ ಸಂಜೆವರೆಗೂ ಅವನ ಎದುರಿನ ಕುರ್ಚಿಯಲ್ಲಿ ಹೋಗಿ ಕೂತೆ. ಬಂದವರಿಗೆಲ್ಲ ನಡೆದದ್ದನ್ನು ವಾರ್ತೆ ಓದುವ ಹಾಗೆ ಓದಿ ಹೇಳಿದೆ. ಏಳನೇ ದಿನ ಅವನು ಸೋತು, ಮೈಸೂರಿನ ಬೇರೆ ಹುಡುಗಿಯ ದನಿ ಹಾಕಿಸಿದ. ಹೊಸದು ಇಳಿಸಿಕೊಳ್ಳದವರ ಫೋನುಗಳಲ್ಲಿ ನಾನು ಇನ್ನೂ ಓದುತ್ತಲೇ ಇದ್ದೇನೆ. ತರಕಾರಿ ಅಂಗಡಿಯಲ್ಲಿ ಸಿಗುವವರು ಅವರೇ.

ಕೆಲಸ ಬಿಟ್ಟೆ. ತಂಗಿಗೆ ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಅವಳ ಗಂಡ ಎತ್ತಿ, "ಒಳಗ್ ಕೆಲ್ಸ ಮಾಡ್ತಾವ್ಳೆ ಅತ್ತಿಗೆ" ಎನ್ನುತ್ತಿದ್ದ. ಒಮ್ಮೆ ಹೋಗಿ ಬಾಗಿಲು ತಟ್ಟಿದೆ. ಊಟಕ್ಕೆ ಬಡಿಸಿದಳು, ಮಾತಾಡಲಿಲ್ಲ. ಎಂಟು ತಿಂಗಳು ಹೀಗೇ ಕಳೆಯಿತು.

ಹೋದ ತಿಂಗಳು ನನ್ನ ಮಗಳಿಗೆ ಗಂಡು ಗೊತ್ತಾಯಿತು. ಈ ಸಲವಾದರೂ ಎತ್ತಲಿ ಎಂದು ಬೆಳಿಗ್ಗೆಯೇ ತಂಗಿಗೆ ಫೋನು ಮಾಡಿದೆ. ಎತ್ತಿದಳು. ನನಗೆ ಸಂತೋಷದಲ್ಲಿ ವಿಷಯವೇ ಮರೆತು, "ನಾನು ಕಣೆ" ಎಂದಷ್ಟೇ ಹೇಳಲು ಆಯಿತು.

"ಯಾರ್ ಓಗ್ಬುಟ್ರು?" ಎಂದಳು. "ನೆಟ್ಗೆ ಯೋಳು."

ಯಾರೂ ಇಲ್ಲ ಕಣೆ, ಮಗಳಿಗೆ ಗಂಡು ಗೊತ್ತಾಯಿತು, ಶುಕ್ರವಾರ ಒಪ್ಪಿಗೆ ಶಾಸ್ತ್ರ, ಹಿಂದಿನ ದಿನವೇ ಬಾ ಎಂದೆ. ಅವಳು ಮತ್ತೆ ಅದನ್ನೇ ಕೇಳಿದಳು. ನಿಜವಾಗಿಯೂ ಯಾರಿಗೂ ಏನೂ ಆಗಿಲ್ಲ ಕಣೆ, ನಿನ್ನಾಣೆ ಎಂದೆ.

"ಹೂಂ" ಎಂದು ಇಟ್ಟುಬಿಟ್ಟಳು.

ಹತ್ತು ನಿಮಿಷಕ್ಕೆ ಚಿಕ್ಕಪ್ಪನ ಫೋನು ಬಂತು. "ನಿನ್ ತಂಗಿ ಫೋನ್ ಮಾಡಿದ್ಲು ಕಣವ್ವ. ನಾನ್ ಎಂಗಿದ್ದೀನಿ, ನಿಮ್ ಚಿಕ್ಕವ್ವ ಎಂಗವ್ಳೆ, ನಿನ್ ಮಗಳು, ನಿಮ್ ಯಜಮಾನ್ರು, ಎಲ್ಲಾ ಚೆನ್ನಾಗವ್ರಾ ಅಂತ ಒಬ್ಬೊಬ್ಬರ್ನೇ ಯೆಸ್ರಿಡ್ದು ಕೇಳುದ್ಲು. ನಿಶ್ಚಯದ ವಿಷ್ಯ ನಿಜಾನಾ ಅಂದ್ಲು. ನಿಜ ಅಂದೆ. ಬತ್ತಾಳಂತೆ."

ಬರುತ್ತಾಳಂತೆ. ನನಗೆ ಅಷ್ಟೇ ಸಾಕಾಗಬೇಕಿತ್ತು. ಸಾಕಾಗಲಿಲ್ಲ.

"ನನ್ನ ಏನಾದ್ರೂ ಕೇಳುದ್ಲಾ ಚಿಕ್ಕಪ್ಪ? ನಾನ್ ಹೆಂಗಿದ್ದೀನಿ ಅಂತ?"

ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡರು.

"ಹೂಂ ಕಣವ್ವ" ಎಂದರು. "ನಿನ್ನೇ ಕೇಳ್ತಿದ್ಲು."